ಕಾನು, ಬೆಟ್ಟ, ತೋಟ: ಉತ್ತರ ಕನ್ನಡದ ಎಲೆಗೊಬ್ಬರದ ಕಾಡುಗಳ ಚರಿತ್ರೆ

ಪಶ್ಚಿಮ ಘಟ್ಟದ ನಡುಭಾಗದಲ್ಲಿ, ಬೇಡ್ತಿ, ಅಘನಾಶಿನಿ ಮತ್ತು ಶರಾವತಿ ನದಿಗಳ ಕಣಿವೆಗಳಲ್ಲಿ ಹರಡಿಕೊಂಡಿರುವ ಅಡಿಕೆ ತೋಟಗಳು ಶತಮಾನಗಳಿಂದ ಒಂದೇ ನೆಲದಲ್ಲಿ ಫಲ ಕೊಡುತ್ತ ಬಂದಿವೆ. ಮಳೆಗಾಲದ ನಾಲ್ಕು ತಿಂಗಳಲ್ಲೇ ವರ್ಷದ ಮಳೆಯ ಬಹುಪಾಲು ಸುರಿದು ಮಣ್ಣಿನ ಸಾರವನ್ನು ಹಳ್ಳಕೊಳ್ಳಗಳಿಗೆ ತೊಳೆದೊಯ್ಯುವ ಸೀಮೆಯಲ್ಲಿ, ರಸಗೊಬ್ಬರದ ಹೆಸರೂ ಇಲ್ಲದ ಕಾಲದಲ್ಲಿ, ಇಂಥ ಬಹುವಾರ್ಷಿಕ ಬೇಸಾಯ ನಿಂತದ್ದು ತೋಟದ ಸುತ್ತಲಿನ ಗುಡ್ಡಗಳು ಕೊಟ್ಟ ಎಲೆಯ ಬಲದಿಂದ. ತೋಟಕ್ಕೆ ಎಲೆ ಒದಗಿಸುವ ಈ ಗುಡ್ಡವನ್ನು ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಸೊಪ್ಪಿನ ಬೆಟ್ಟ ಅಥವಾ ಬರಿದೇ ಬೆಟ್ಟ ಎನ್ನುತ್ತಾರೆ. ಹುಲ್ಲು ಬೆಳೆಯುವ ಬಯಲನ್ನು ಬೇಣ ಎಂದೂ, ಹಗಲಲ್ಲೂ ನೆಲಕ್ಕೆ ಬಿಸಿಲು ತಾಗದ ನಿತ್ಯಹರಿದ್ವರ್ಣದ ದಟ್ಟ ಕಾಡನ್ನು ಕಾನು ಎಂದೂ ಗುರುತಿಸುತ್ತಾರೆ. ಕಾನು, ಬೆಟ್ಟ, ಬೇಣ ಮತ್ತು ತೋಟ ಇವು ಕಂದಾಯದ ದಫ್ತರಗಳಲ್ಲಿ ಬೇರೆಬೇರೆ ಬಾಬತ್ತುಗಳಾಗಿ ದಾಖಲಾಗಿದ್ದರೂ, ನೀರು, ಮಣ್ಣು ಮತ್ತು ಪೋಷಕಾಂಶಗಳ ಚಲನೆಯ ದೃಷ್ಟಿಯಿಂದ ಒಂದೇ ವ್ಯವಸ್ಥೆಯ ಅಂಗಗಳು. ಅವುಗಳಲ್ಲಿ ಒಂದರ ಮೇಲಿನ ಹಕ್ಕು ಬದಲಾದಾಗಲೆಲ್ಲ ಉಳಿದವುಗಳ ಸ್ಥಿತಿಯೂ ಬದಲಾಗಿದೆ. ಭೂಮಿಯ ವಾತಾವರಣವೇ ಬದಲಾಗುತ್ತಿರುವ ಈ ಕಾಲದಲ್ಲಿ ಒಂದು ಸೀಮೆಯ ಕಾಡು ಹೇಗೆ ಸ್ಪಂದಿಸೀತು ಎಂಬುದನ್ನು ಅರಿಯಲು, ಆ ಕಾಡಿನ ಮೇಲೆ ಯಾರ ಕೈ ಎಷ್ಟು ಕಾಲ ಆಡಿತ್ತು ಎಂಬುದನ್ನು ಅರಿಯುವುದೂ ಮಳೆಯ ಲೆಕ್ಕದಷ್ಟೇ ಅಗತ್ಯ.

ಈ ವ್ಯವಸ್ಥೆಯ ಒಳಗಿನ ಕೆಲಸ ಮಣ್ಣಿನಿಂದಲೇ ಆರಂಭವಾಗುತ್ತದೆ. ಇಲ್ಲಿನ ಗುಡ್ಡಗಳ ಬಹುಭಾಗವನ್ನು ಮುಚ್ಚಿರುವುದು ಕೆಂಪು ಜಂಬಿಟ್ಟಿಗೆಯ ನೆಲ. ಲಕ್ಷಾಂತರ ವರ್ಷಗಳ ಮಳೆ ಮತ್ತು ಬಿಸಿಲಿಗೆ ಮೂಲ ಶಿಲೆಯ ಸುಣ್ಣ, ಪೊಟ್ಯಾಸಿಯಂ, ಮೆಗ್ನೀಸಿಯಂಗಳು ಕರಗಿ ಹೋಗಿ, ಕಬ್ಬಿಣ ಮತ್ತು ಅಲ್ಯೂಮಿನಿಯಂ ಉಳಿದುಕೊಂಡು ಆದ ಮಣ್ಣು ಇದು. ಇಂಥ ಮಣ್ಣಿನಲ್ಲಿ ರಂಜಕ ಇದ್ದರೂ ಕಬ್ಬಿಣದೊಂದಿಗೆ ಬಿಗಿಯಾಗಿ ಕಟ್ಟಿಕೊಂಡಿರುವುದರಿಂದ ಸಸ್ಯಗಳಿಗೆ ಸುಲಭವಾಗಿ ದಕ್ಕುವುದಿಲ್ಲ. ಕಾಡಿನ ಮರಗಳು ಬೇರಿಗೆ ಅಂಟಿಕೊಂಡು ಬದುಕುವ ಶಿಲೀಂಧ್ರಗಳ ನೆರವಿನಿಂದ ಆ ರಂಜಕವನ್ನು ಕಣಕಣವಾಗಿ ಹೀರಿ ಎಲೆಗೆ ಸೇರಿಸುತ್ತವೆ. ಎಲೆ ಉದುರಿ ಕೊಳೆತಾಗ ಅದು ನೆಲದ ಮೇಲ್ಪದರದಲ್ಲಿ ಬಿಡುಗಡೆಯಾಗಿ, ಅಲ್ಲೇ ಹರಡಿರುವ ನವಿರು ಬೇರುಗಳ ಮೂಲಕ ಮತ್ತೆ ಮರವನ್ನು ಸೇರುತ್ತದೆ. ಎತ್ತರದ ಮರಗಳು ಮುಗಿಲು ಮುಟ್ಟುವಂತೆ ನಿಂತಿರುವುದನ್ನು ನೋಡಿ ಮಲೆನಾಡಿನ ಮಣ್ಣು ಸಾರವತ್ತಾದದ್ದೆಂದು ನಂಬಿದವರು, ಕಾಡು ಕಡಿದು ಎರಡು ಮೂರು ಬೆಳೆ ತೆಗೆಯುವಷ್ಟರಲ್ಲಿ ನೆಲ ಬಡವಾದುದನ್ನು ಕಂಡಿದ್ದಾರೆ. ಕಾಡಿನ ಸಂಪತ್ತು ಇರುವುದು ಮರದಲ್ಲಿ, ಎಲೆಯಲ್ಲಿ ಮತ್ತು ಅವುಗಳ ನಡುವಿನ ಈ ನಿರಂತರ ಸುತ್ತಾಟದಲ್ಲಿ.

ತೋಟಗಾರರು ಈ ಸುತ್ತಾಟದ ನಡುವೆ ಕೈಹಾಕಿ ಎಲೆಯನ್ನು ತಮ್ಮ ಕಣಿವೆಗೆ ತಿರುಗಿಸಿಕೊಂಡರು. ಮಳೆಗಾಲದಲ್ಲಿ ಮತ್ತಿ, ಹೊನ್ನೆ, ನಂದಿ, ನೇರಳೆ ಮೊದಲಾದ ಮರಗಳ ಟೊಂಗೆ ಕಡಿದು ತಂದ ಹಸಿ ಸೊಪ್ಪನ್ನು ದಿನವೂ ಕೊಟ್ಟಿಗೆಗೆ ಹಾಸುವುದು, ಬೇಸಿಗೆಯಲ್ಲಿ ಬೆಟ್ಟದಲ್ಲಿ ಉದುರಿದ ಒಣ ಎಲೆಯನ್ನು, ಅಂದರೆ ದರಕನ್ನು, ಗುಡಿಸಿ ಹಗ್ಗದ ಬಲೆಯಲ್ಲಿ ತುಂಬಿ ತಂದು ಹಾಸುವುದು, ಬೇಣದ ಒಣ ಹುಲ್ಲನ್ನು, ಅಂದರೆ ಕರಡವನ್ನು, ಕೊಯ್ದು ಮೇವಿಗೂ ಹೊದಿಕೆಗೂ ಕೂಡಿಡುವುದು, ಇವು ವರ್ಷದುದ್ದದ ದುಡಿಮೆಯ ಭಾಗವಾಗಿದ್ದವು. ದನಗಳ ತುಳಿತಕ್ಕೆ ಸಿಕ್ಕಿ, ಸಗಣಿ ಮತ್ತು ಗಂಜಲವನ್ನು ಹೀರಿಕೊಂಡ ಆ ಹಾಸು ಗೊಬ್ಬರದ ಗುಂಡಿ ಸೇರಿ, ತಿಂಗಳುಗಟ್ಟಲೆ ಕಳಿತು, ಹೆಡಿಗೆಗಳಲ್ಲಿ ತೋಟಕ್ಕಿಳಿದು ಅಡಿಕೆ ಮರದ ಬುಡವನ್ನು ಸೇರುತ್ತಿತ್ತು. ಒಣ ಎಲೆಯಲ್ಲಿ ಇಂಗಾಲ ಹೆಚ್ಚು, ಸಾರಜನಕ ಕಡಿಮೆ. ಅದನ್ನು ಹಾಗೆಯೇ ನೆಲಕ್ಕೆ ಹಾಕಿದರೆ ಕೊಳೆಸುವ ಸೂಕ್ಷ್ಮಜೀವಿಗಳು ತಮ್ಮ ಬೆಳವಣಿಗೆಗೆ ಮಣ್ಣಿನ ಸಾರಜನಕವನ್ನೇ ಎಳೆದುಕೊಂಡು ಬೆಳೆಗೆ ತಾತ್ಕಾಲಿಕ ಬರ ತರುತ್ತವೆ. ಗಂಜಲದ ಸಾರಜನಕ ಆ ಕೊರತೆಯನ್ನು ಕೊಟ್ಟಿಗೆಯಲ್ಲೇ ತುಂಬಿಕೊಡುತ್ತಿತ್ತು. ಆದ್ದರಿಂದ ಕೊಟ್ಟಿಗೆಯ ಮಲೆನಾಡು ಗಿಡ್ಡ ತಳಿಯ ದನಗಳು ಹಾಲು ಕೊಡುವುದಕ್ಕಿಂತ ಮಿಗಿಲಾಗಿ ಕಾಡಿನ ಎಲೆಯನ್ನು ತೋಟದ ಆಹಾರವಾಗಿ ಮಾರ್ಪಡಿಸುವ ಕೆಲಸ ಮಾಡುತ್ತಿದ್ದವು. ಹಾಲಿನ ಲೆಕ್ಕದಲ್ಲಿ ಅವುಗಳನ್ನು ಅಳೆದು ನಿರುಪಯುಕ್ತವೆಂದ ನಂತರದ ಕಾಲದ ಪಶುಸಂಗೋಪನಾ ನೀತಿಗಳು ಈ ಕೆಲಸವನ್ನು ಗಣನೆಗೇ ತೆಗೆದುಕೊಳ್ಳಲಿಲ್ಲ.

ಎಲೆಯ ಜೊತೆಗೆ ಕಾಡು ತೋಟಕ್ಕೆ ಕೊಡುತ್ತಿದ್ದ ಇನ್ನೊಂದು ವಸ್ತು ನೀರು. ಎಲೆಹಾಸು ಮತ್ತು ಬೇರುಗಳಿಂದ ಸಡಿಲಗೊಂಡ ಕಾನಿನ ನೆಲ ಬಿರುಮಳೆಯನ್ನೂ ಒಳಕ್ಕೆ ಹೀರಿಕೊಂಡು, ಗುಡ್ಡದ ಬುಡದಲ್ಲಿ ಒರತೆಯಾಗಿ ನಿಧಾನಕ್ಕೆ ಬಿಟ್ಟುಕೊಡುತ್ತದೆ. ಆ ಒರತೆಯ ನೀರನ್ನು ಕಾಲುವೆಯಲ್ಲಿ ತೋಟಕ್ಕೆ ತಿರುಗಿಸಿಕೊಂಡು, ಮಳೆಗಾಲದ ಹೆಚ್ಚಿನ ನೀರನ್ನು ಬಸಿಗಾಲುವೆಗಳಿಂದ ಹೊರಹಾಕುತ್ತಿದ್ದ ತೋಟಗಳಿಗೆ ಕಾನಿನ ಆಚೆಗೆ ಬೇರೆ ಜಲಾಶಯ ಬೇಕಿರಲಿಲ್ಲ. 1888ರಲ್ಲಿ ಕೆನರಾ ಜಿಲ್ಲೆಯ, ಅಂದರೆ ಈಗಿನ ಉತ್ತರ ಕನ್ನಡದ, ಕಾಡಿನ ಹಕ್ಕುಗಳನ್ನು ಇತ್ಯರ್ಥಗೊಳಿಸುವ ಅರಣ್ಯ ಸೆಟ್ಲ್‌ಮೆಂಟ್ ಅಧಿಕಾರಿಯಾಗಿದ್ದ ವಿಂಗೇಟ್, ಕಾನುಗಳು ಒರತೆಗಳನ್ನೂ ವರ್ಷವಿಡೀ ಹರಿಯುವ ಹಳ್ಳಗಳನ್ನೂ ಕಾಯುತ್ತವೆ, ಅವು ಇದ್ದಲ್ಲಿ ಸಾಂಬಾರ ಬೆಳೆಯ ತೋಟಗಳು ಹತ್ತಿರದಲ್ಲೇ ಇರುತ್ತವೆ ಎಂದು ವರದಿ ಮಾಡಿದ್ದ. ಸರ್ಕಾರಿ ಅಧಿಕಾರಿಯೊಬ್ಬ ಆ ಕಾಲಕ್ಕೇ ಗ್ರಹಿಸಿದ್ದ ಈ ಸಂಬಂಧವನ್ನು ಅವನ ಇಲಾಖೆ ಮುಂದಿನ ಏಳೆಂಟು ದಶಕಗಳಲ್ಲಿ ಬಹುಮಟ್ಟಿಗೆ ಮರೆತದ್ದು ಖೇದದ ಸಂಗತಿ.

ಈ ಕಾನುಗಳು ಎಷ್ಟು ಹಳೆಯವು ಎಂಬ ಪ್ರಶ್ನೆಗೆ ಉತ್ತರದ ಒಂದು ಎಳೆ ಕಡಲ ತಳದಲ್ಲಿ ಸಿಕ್ಕಿದೆ. ಹೂವಿನ ಪರಾಗ ಗಾಳಿಯಲ್ಲಿ ಹಾರಿ, ನದಿಗಳಲ್ಲಿ ಹರಿದು ಸಮುದ್ರ ಸೇರಿ, ಕೆಸರಿನ ಪದರಗಳಲ್ಲಿ ಹೂತು ಸಾವಿರಾರು ವರ್ಷ ಕೆಡದೆ ಉಳಿಯುತ್ತದೆ. ಪರಾಗದ ಹೊರಕವಚದ ಆಕಾರದಿಂದ ಅದು ಯಾವ ಗಿಡದ್ದೆಂದು ಗುರುತಿಸಲು ಸಾಧ್ಯವಾಗುವುದರಿಂದ, ಪದರಗಳ ವಯಸ್ಸನ್ನು ಕಂಡುಕೊಂಡರೆ ಆಯಾ ಕಾಲದ ಸಸ್ಯಸಂಪತ್ತು ತಿಳಿಯುತ್ತದೆ. ಕಾರವಾರದ ಎದುರಿನ ಸಮುದ್ರತಳದಿಂದ ಕೊರೆದು ತೆಗೆದ ಕೆಸರಿನ ಕಂಬಗಳನ್ನು ಕಾರಾತಿನಿ ಮತ್ತು ಸಂಗಡಿಗರು ಪರೀಕ್ಷಿಸಿ 1994ರಲ್ಲಿ ಪ್ರಕಟಿಸಿದ ಅಧ್ಯಯನ, ಸುಮಾರು 3,500 ವರ್ಷಗಳ ಹಿಂದೆ ತೇವದ ಕಾಡಿನ ಮತ್ತು ಕಾಂಡ್ಲಾ (ಮ್ಯಾಂಗ್ರೋವ್) ವನಗಳ ಪರಾಗ ಕಡಿಮೆಯಾಗಿ ಹುಲ್ಲುಗಾವಲಿನ ಪರಾಗ ಹೆಚ್ಚಿತೆಂದು ತೋರಿಸಿತು. ಮುಂಗಾರು ದುರ್ಬಲವಾಗಿ ಹವೆ ಒಣಗಿದ್ದೇ ಇದಕ್ಕೆ ಕಾರಣವೆಂದು ಅವರು ತೀರ್ಮಾನಿಸಿದರು. ಈ ಸೀಮೆಯ ಕಾಡುಗಳನ್ನು ದಶಕಗಳ ಕಾಲ ಅಭ್ಯಾಸ ಮಾಡಿದ ಎಂ.ಡಿ. ಸುಭಾಷ್ ಚಂದ್ರನ್, ಘಟ್ಟದ ಪರಿಸರ ಚರಿತ್ರೆಯನ್ನು ಕುರಿತು 1997ರಲ್ಲಿ ಬರೆದ ಲೇಖನದಲ್ಲಿ, ಅದೇ ಹೊತ್ತಿಗೆ ಕೃಷಿಕರೂ ದನಗಾಹಿಗಳೂ ಘಟ್ಟ ಪ್ರವೇಶಿಸಿ ಬೆಂಕಿ ಮತ್ತು ಕೊಡಲಿಯಿಂದ ಕಾಡಿನ ಸ್ವರೂಪವನ್ನು ಬದಲಿಸಿದ್ದರ ಕಡೆಗೆ ಗಮನ ಸೆಳೆದರು. ಎರಡು ವಿವರಣೆಗಳೂ ಒಂದನ್ನೊಂದು ತಳ್ಳಿಹಾಕಬೇಕಾಗಿಲ್ಲ. ಒಣ ಹವೆಯಿಂದ ತೇವ ಕಳೆದುಕೊಂಡ ಕಾಡಿಗೆ ಬೆಂಕಿ ಬೇಗ ತಗಲುತ್ತದೆ, ಬೆಂಕಿ ಬಿದ್ದ ಕಾಡಿನಲ್ಲಿ ಹುಲ್ಲು ಬೆಳೆಯುತ್ತದೆ, ಹುಲ್ಲು ಬೆಳೆದಲ್ಲಿ ಮುಂದಿನ ಬೇಸಿಗೆಯಲ್ಲಿ ಮತ್ತೆ ಬೆಂಕಿ ಬೀಳುತ್ತದೆ. ಹವಾಮಾನ ತೆರೆದ ಬಾಗಿಲನ್ನು ಮನುಷ್ಯ ಮುಚ್ಚಗೊಡದೆ ಹಿಡಿದನೆಂದರೆ ಬಹುಶಃ ಸತ್ಯಕ್ಕೆ ಹತ್ತಿರವಾದೀತು.

ಇಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಪುದುಚೇರಿಯ ಫ್ರೆಂಚ್ ಸಂಸ್ಥೆಯ ಜೆ.ಪಿ. ಪಾಸ್ಕಲ್ 1980ರ ದಶಕದಲ್ಲಿ ಘಟ್ಟದ ನಿತ್ಯಹರಿದ್ವರ್ಣ ಕಾಡುಗಳನ್ನು ವಿವರವಾಗಿ ಪರಿಶೀಲಿಸಿ, ಎಷ್ಟು ಮಳೆ ಬೀಳುತ್ತದೆ ಎಂಬುದರಷ್ಟೇ ಎಷ್ಟು ತಿಂಗಳು ಮಳೆಯಿಲ್ಲ ಎಂಬುದೂ ಕಾಡಿನ ಜಾತಿಯನ್ನು ನಿರ್ಧರಿಸುತ್ತದೆಂದು ತೋರಿಸಿದರು. ಘಟ್ಟದ ದಕ್ಷಿಣ ತುದಿಯಲ್ಲಿ ಎರಡು ಮೂರು ತಿಂಗಳಷ್ಟೇ ಇರುವ ಒಣಗಾಲ ಉತ್ತರ ಕನ್ನಡಕ್ಕೆ ಬರುವಷ್ಟರಲ್ಲಿ ಐದಾರು ತಿಂಗಳಾಗುತ್ತದೆ. ಧೂಮ, ರಾಮಪತ್ರೆಯಂಥ ಮರಗಳ ಬೀಜಗಳು ಒಣಗಿದರೆ ಕೆಲವೇ ವಾರಗಳಲ್ಲಿ ಮೊಳೆಯುವ ಶಕ್ತಿ ಕಳೆದುಕೊಳ್ಳುವುದರಿಂದ, ಅಂಥ ದೀರ್ಘ ಒಣಗಾಲದಲ್ಲಿ ಅವು ವಂಶ ಮುಂದುವರಿಸಬೇಕಾದರೆ ನೆಲ ತಣ್ಣಗಿರಲೇಬೇಕು, ನೆಲ ತಣ್ಣಗಿರಬೇಕಾದರೆ ಮೇಲಿನ ಎಲೆಚಪ್ಪರ ಹರಿಯದೆ ಇರಬೇಕು. ಹೀಗೆ ಕಾನು ತನಗೆ ಬೇಕಾದ ತೇವವನ್ನು ಬಹುಮಟ್ಟಿಗೆ ತಾನೇ ಕಾಪಾಡಿಕೊಳ್ಳುತ್ತದೆ. ಒಮ್ಮೆ ಚಪ್ಪರ ಒಡೆದರೆ ಎಲೆಯುದುರುವ ಮತ್ತಿ, ನಂದಿ, ಹೊನ್ನೆಗಳು ಆ ಜಾಗ ಹಿಡಿಯುತ್ತವೆ. ಕಾನು ಹಿಂತಿರುಗಲು ಮನುಷ್ಯನ ಹಲವು ತಲೆಮಾರುಗಳು ಬೇಕು. ನೆರೆಯ ಶಿವಮೊಗ್ಗ ಜಿಲ್ಲೆಯ ಸೊರಬದಂಥ, ಹೋಲಿಸಿದರೆ ಕಡಿಮೆ ಮಳೆಯ ತಾಲ್ಲೂಕಿನಲ್ಲಿ, ಎಲೆಯುದುರುವ ಕಾಡು ಮತ್ತು ಗದ್ದೆಬಯಲುಗಳ ನಡುವೆ, ನಿತ್ಯಹರಿದ್ವರ್ಣದ ಕಾನುಗಳು ದ್ವೀಪಗಳಂತೆ ಉಳಿದುಬಂದದ್ದಕ್ಕೆ ಹವಾಮಾನವೊಂದೇ ಕಾರಣವಾಗಿರಲಾರದು. ಅವುಗಳನ್ನು ಉಳಿಸಿಕೊಂಡ ಊರುಗಳ ಕಟ್ಟುಪಾಡನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆ ಕಟ್ಟುಪಾಡಿನ ಬಗೆಗೆ ಬರಹದ ಸಾಕ್ಷ್ಯ ಒದಗಿಸಿದವರಲ್ಲಿ ಫ್ರಾನ್ಸಿಸ್ ಬುಕಾನನ್ ಮುಖ್ಯನಾದವನು. ಟಿಪ್ಪುವಿನ ಪತನದ ಮರುವರ್ಷ ಮದರಾಸಿನಿಂದ ಹೊರಟು ಮೈಸೂರು, ಮಲಬಾರ್, ಕೆನರಾ ಸೀಮೆಗಳನ್ನು ಸುತ್ತಿದ ಈ ವೈದ್ಯ 1801ರಲ್ಲಿ ಉತ್ತರ ಕನ್ನಡವನ್ನು ಹಾದುಹೋದ. ಜಂಬಿಟ್ಟಿಗೆ ಕಲ್ಲಿಗೆ ಲ್ಯಾಟರೈಟ್ ಎಂಬ ವೈಜ್ಞಾನಿಕ ಹೆಸರನ್ನು ಕೊಟ್ಟವನೂ ಅವನೇ. 1807ರಲ್ಲಿ ಅಚ್ಚಾದ ಅವನ ಪ್ರವಾಸ ವರದಿಯ ಪ್ರಕಾರ ಕಾಡುಗಳು ಆಯಾ ಊರಿನ ದೇವರ ಸ್ವತ್ತು. ದೇವರ ಪೂಜೆಯನ್ನೂ ಮಾಡುತ್ತಿದ್ದ ಊರಗೌಡನ ಅಪ್ಪಣೆಯಿಲ್ಲದೆ ಮರ ಕಡಿಯುವಂತಿರಲಿಲ್ಲ, ಆ ಅಪ್ಪಣೆಗೆ ಹಣ ತೆರಬೇಕಾಗಿಯೂ ಇರಲಿಲ್ಲ. ಸರ್ಕಾರ ಕಾಡಿನ ಮೇಲೆ ಹಕ್ಕು ಸಾಧಿಸದಂತೆ ತಡೆಯಲು ಊರವರು ಹೂಡಿದ ಉಪಾಯವಿದು ಎಂದು ಬುಕಾನನ್ ಭಾವಿಸಿದ. ಕಂಪನಿ ಸರ್ಕಾರಕ್ಕೆ ವರದಿ ಸಲ್ಲಿಸಬೇಕಾಗಿದ್ದವನ ಕಣ್ಣಿಗೆ ಹಾಗೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲವಾದರೂ, ಭಯ ಭಕ್ತಿಗಳ ಆಧಾರದ ಮೇಲೆ ನಿಂತ ಆ ನಿಯಮ ನೂರಾರು ವರ್ಷ ಒರತೆಗಳ ತಲೆಯ ಮೇಲಿನ ಕಾಡನ್ನು ಕಾಯ್ದದ್ದು ನಿಜವಾದ ಫಲ.

ದೇವರ ಭಯದ ಜೊತೆಗೆ ಲಾಭವೂ ಕಾನುಗಳನ್ನು ಕಾಯಿತು. ಕಾಳುಮೆಣಸಿನ ಬಳ್ಳಿ ತಾನಾಗಿ ಹಬ್ಬುತ್ತಿದ್ದ ಕಾನುಗಳು ಮೆಣಸುಕಾನುಗಳೆನಿಸಿಕೊಂಡಿದ್ದವು. ಹದಿನಾರನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದು ಕರೆಯುವಷ್ಟು ಮಟ್ಟಿಗೆ ಈ ಸೀಮೆಯ ಮೆಣಸು ಸಮುದ್ರ ವ್ಯಾಪಾರದಲ್ಲಿ ಹೆಸರು ಮಾಡಿತ್ತು. ಕಾನಿನ ಬೈನೆ ಮರದಿಂದ ಹಳೇಪೈಕರು ಕಳ್ಳು ಇಳಿಸುತ್ತಿದ್ದರು. ರಾಮಪತ್ರೆ, ದಾಲ್ಚಿನ್ನಿ, ಮುರುಗಲು, ಉಪ್ಪಾಗೆ, ಜೇನು ಮತ್ತು ಅಪ್ಪೆಮಿಡಿಗಳೂ ಅಲ್ಲಿಂದಲೇ ಬರುತ್ತಿದ್ದವು. ಕಾನುಗಳ ಮೇಲೆ ಕಾನು ಶಿಸ್ತು ಎಂಬ ಕಂದಾಯವನ್ನೇ ವಿಧಿಸುತ್ತಿದ್ದುದು, ಆಳುವವರು ಕಾನನ್ನು ಪಾಳು ನೆಲವೆಂದು ಎಣಿಸದೆ ಫಲ ಕೊಡುವ ಸ್ವತ್ತೆಂದು ಬಗೆದಿದ್ದರೆಂಬುದಕ್ಕೆ ಸಾಕ್ಷಿ. 1868ರಲ್ಲಿ ಡೀಟ್ರಿಕ್ ಬ್ರಾಂಡಿಸ್ ಮತ್ತು ಗ್ರಾಂಟ್ ಇಬ್ಬರೂ ಸೊರಬ ತಾಲ್ಲೂಕಿನ ಕಾನುಗಳನ್ನು ಕುರಿತು ಜಂಟಿ ವರದಿ ಬರೆದಾಗ ಆ ಒಂದೇ ತಾಲ್ಲೂಕಿನಲ್ಲಿ 171 ಕಾನುಗಳಿದ್ದವು, ಅವುಗಳ ಒಟ್ಟು ವಿಸ್ತಾರ ಸುಮಾರು 13,000 ಹೆಕ್ಟೇರ್. ಬ್ರಾಂಡಿಸ್ ಆಗ ಇಡೀ ಭಾರತದ ಅರಣ್ಯ ಇಲಾಖೆಯ ಮೊದಲ ಮುಖ್ಯಾಧಿಕಾರಿಯಾಗಿದ್ದವನು ಎಂಬುದನ್ನು ನೆನೆದರೆ, ಈ ಪುಟ್ಟ ಕಾಡುಗಳಿಗೆ ಆ ಕಾಲದಲ್ಲಿದ್ದ ಮಹತ್ವ ತಿಳಿಯುತ್ತದೆ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಂದ ಬದಲಾವಣೆಯ ಬೇರು ಹಡಗು ಮತ್ತು ರೈಲಿನಲ್ಲಿದೆ. ಹಡಗು ಕಟ್ಟಲು ತೇಗವೂ, ಹಳಿಗಳ ಅಡಿಗೆ ಹಾಸಲು ಗಟ್ಟಿಮರದ ದಿಮ್ಮಿಗಳೂ ಬೇಕಾಗಿದ್ದ ಸರ್ಕಾರಕ್ಕೆ, ಕಾಡೆಂದರೆ ಮೊದಲು ಮರಮುಟ್ಟಿನ ಉಗ್ರಾಣ. ಗುಡ್ಡದ ಒಂದು ತುಂಡು ಕಾಡನ್ನು ಕಡಿದು ಸುಟ್ಟು ಒಂದೆರಡು ವರ್ಷ ರಾಗಿ ಮೊದಲಾದವನ್ನು ಬೆಳೆದು, ಆ ಬಳಿಕ ಹಲವು ವರ್ಷ ಹಾಗೆಯೇ ಬಿಟ್ಟು ಮುಂದಕ್ಕೆ ಹೋಗುವ ಕುಮರಿ ಬೇಸಾಯ ಅದರ ಮೊದಲ ಗುರಿಯಾಯಿತು. ಮದ್ರಾಸ್ ಪ್ರಾಂತದ ಅರಣ್ಯ ಸಂರಕ್ಷಣಾಧಿಕಾರಿ ಹ್ಯೂ ಕ್ಲೆಗ್‌ಹಾರ್ನ್ ಕುಮರಿಯನ್ನು ಬಲವಾಗಿ ವಿರೋಧಿಸಿದ; 1860ರಲ್ಲಿ ಸರ್ಕಾರಿ ಕಾಡುಗಳಲ್ಲಿ ಪೂರ್ವಾನುಮತಿಯಿಲ್ಲದ ಕುಮರಿ ನಿಷಿದ್ಧವಾಯಿತು. 1862ರಲ್ಲಿ ಉತ್ತರ ಕನ್ನಡ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ವರ್ಗವಾಯಿತು, 1865 ಮತ್ತು 1878ರ ಅರಣ್ಯ ಕಾಯ್ದೆಗಳು ಊರಿನ ದೇವರ ಹೆಸರಲ್ಲಿದ್ದ ಕಾಡನ್ನು ಸರ್ಕಾರದ ರಕ್ಷಿತಾರಣ್ಯವಾಗಿ ಮಾರ್ಪಡಿಸಿದವು. ಜಿಲ್ಲೆಯಲ್ಲಿ 1880ರ ದಶಕದಲ್ಲಿ ವನದುಃಖ ನಿವಾರಣ ಸಭೆ ಎಂಬ ಸಂಘಟನೆಯೇ ಹುಟ್ಟಿಕೊಳ್ಳುವಷ್ಟು ಜನ ಈ ಬದಲಾವಣೆಯಿಂದ ನೊಂದಿದ್ದರು. ಕುಮರಿಯನ್ನೇ ನಂಬಿದ್ದವರ ಬದುಕು ಸರ್ಕಾರದ ಲೆಕ್ಕಪತ್ರಗಳಲ್ಲಿ ಒಂದು ಸಾಲಿನ ನಿಷೇಧವಾಗಿ ಮುಗಿದುಹೋಯಿತು.

ಅಡಿಕೆ ತೋಟಗಾರರನ್ನು ಮಾತ್ರ ಸರ್ಕಾರ ಹಾಗೆ ಕೈಬಿಡುವಂತಿರಲಿಲ್ಲ, ಏಕೆಂದರೆ ತೋಟಗಳ ಮೇಲಿನ ಕಂದಾಯ ದೊಡ್ಡದಾಗಿತ್ತು ಮತ್ತು ಎಲೆಯಿಲ್ಲದೆ ತೋಟ ಉಳಿಯದೆಂಬುದು ಅಧಿಕಾರಿಗಳಿಗೆ ಗೊತ್ತಿತ್ತು. ಹಾಗಾಗಿ ಅರಣ್ಯ ಸೆಟ್ಲ್‌ಮೆಂಟಿನ ಅಂಗವಾಗಿ ಘಟ್ಟದ ಮೇಲಿನ ತಾಲ್ಲೂಕುಗಳಲ್ಲಿ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ, ಕರಾವಳಿಯಲ್ಲಿ ನಾಲ್ಕು ಎಕರೆಯವರೆಗೆ ಬೆಟ್ಟವನ್ನು ಬಿಟ್ಟುಕೊಡುವ ಏರ್ಪಾಡಾಯಿತು. ನೆಲ ಸರ್ಕಾರದ್ದು, ಬೆಲೆಬಾಳುವ ಮರ ಸರ್ಕಾರದ್ದು, ಸೊಪ್ಪು, ದರಕು, ಹುಲ್ಲು ಮತ್ತು ಮನೆಬಳಕೆಯ ಸೌದೆ ತೋಟಗಾರನದು. ದಕ್ಷಿಣ ಕನ್ನಡದಲ್ಲಿ ಸಾಗುವಳಿ ಭೂಮಿಯಿಂದ ನೂರು ಗಜದವರೆಗಿನ ಸರ್ಕಾರಿ ನೆಲದ ಮೇಲಿದ್ದ ಕುಮ್ಕಿ ಹಕ್ಕು, ಕೊಡಗಿನ ಬಾಣೆ ಇವೂ ಇದೇ ಬಗೆಯ ವ್ಯವಸ್ಥೆಗಳು. ಒಂಬತ್ತಕ್ಕೆ ಒಂದು ಎಂಬ ಆ ಅನುಪಾತ ಪರಿಸರ ವಿಜ್ಞಾನದ ದೃಷ್ಟಿಯಿಂದ ಬಹಳ ಅರ್ಥಪೂರ್ಣವಾದದ್ದು: ಒಂದು ಎಕರೆ ತೋಟದಿಂದ ಅಡಿಕೆ ಮತ್ತು ಮಳೆನೀರಿನ ರೂಪದಲ್ಲಿ ಹೊರಹೋಗುವ ಪೋಷಕಾಂಶವನ್ನು ತುಂಬಿಕೊಡಲು ಅದರ ಹಲವು ಪಟ್ಟು ಕಾಡಿನ ಎಲೆ ಬೇಕೆಂಬ ರೈತರ ಅನುಭವವನ್ನು ಅದು ಕಾನೂನಿನ ಭಾಷೆಯಲ್ಲಿ ದಾಖಲಿಸಿತು.

ಆದರೆ ಈ ಏರ್ಪಾಡಿನೊಳಗೆ ಎರಡು ಕೊರತೆಗಳಿದ್ದವು. ಬೆಟ್ಟದ ಹಕ್ಕು ತೋಟಕ್ಕೆ ಅಂಟಿಕೊಂಡು ಬಂದುದರಿಂದ ತೋಟವಿಲ್ಲದ ಕೂಲಿಕಾರರು, ಗೇಣಿದಾರರು ಮತ್ತು ಗದ್ದೆಯ ಒಕ್ಕಲುಗಳಿಗೆ ಸೌದೆ ಸೊಪ್ಪಿಗಾಗಿ ಉಳಿದದ್ದು ಊರ ಸಮೀಪದ ಸಣ್ಣ ಕಾಡುಗಳು ಮಾತ್ರ. ಅವುಗಳ ಮೇಲೆ ಎಲ್ಲರ ಭಾರ ಬಿದ್ದು ಅವು ಬೇಗ ಬರಿದಾದವು. ಎರಡನೆಯದು, ಮರ ಬೆಳೆಸಿದರೆ ಅದರ ಫಲ ಇಲಾಖೆಗೆ, ಸೊಪ್ಪು ಕಡಿದರೆ ಮಾತ್ರ ತಮಗೆ ಎಂಬಂಥ ಹಕ್ಕು, ಬೆಟ್ಟದಲ್ಲಿ ಹೊಸ ಸಸಿ ಬೆಳೆಸುವ ಆಸಕ್ತಿಯನ್ನು ತೋಟಗಾರರಲ್ಲಿ ಉಳಿಸಲಿಲ್ಲ. ವರ್ಷ ವರ್ಷವೂ ಟೊಂಗೆ ಕಳೆದುಕೊಂಡು ತುದಿಯಲ್ಲಿ ಒಂದಿಷ್ಟು ಎಲೆ ಮಾತ್ರ ಹೊತ್ತು ನಿಂತ ಮರ ಸೂರ್ಯನ ಬೆಳಕನ್ನು ಹಿಡಿಯುವ ತನ್ನ ಸಾಮರ್ಥ್ಯದ ಬಹುಭಾಗವನ್ನು ಕಳೆದುಕೊಂಡಿರುತ್ತದೆ. ಹೊಸ ಎಲೆ ಬಿಡುವುದರಲ್ಲೇ ಶಕ್ತಿ ಖರ್ಚಾಗಿ ಹೂವು, ಬೀಜ, ಬೇರುಗಳಿಗೆ ಉಳಿಯುವುದು ಕಡಿಮೆ. ದರಕು ಗುಡಿಸಿದ ನೆಲದ ಮೇಲೆ ಮಳೆಹನಿ ನೇರವಾಗಿ ಬಿದ್ದು ಮಣ್ಣಿನ ರಂಧ್ರಗಳು ಮುಚ್ಚಿಕೊಳ್ಳುತ್ತವೆ, ಬೀಜ ಮೊಳೆತರೂ ದನದ ಬಾಯಿಗೆ ಸಿಗುತ್ತದೆ. ಮುದಿ ಮರಗಳೇ ತುಂಬಿದ, ಎಳೆ ಮರಗಳಿಲ್ಲದ ಬೆಟ್ಟಗಳು ಹೀಗೆ ರೂಪುಗೊಂಡವು. ಸೊಪ್ಪಿನ ಬೆಟ್ಟವನ್ನು ಆದರ್ಶ ಸುಸ್ಥಿರ ಪದ್ಧತಿಯೆಂದು ಕೊಂಡಾಡುವ ಬರಹಗಳು ಈ ಭಾಗವನ್ನು ಬಿಟ್ಟುಬಿಡುವುದು ಸರಿಯಲ್ಲ. ಅಷ್ಟೇ ಸತ್ಯವಾದ ಇನ್ನೊಂದು ಮಾತೆಂದರೆ, ಚೆನ್ನಾಗಿ ನೋಡಿಕೊಂಡ ಬೆಟ್ಟಗಳು ಇಂದಿಗೂ ಅಲ್ಲಲ್ಲಿ ದಟ್ಟವಾಗಿ ನಿಂತಿವೆ. ಎಲೆ ತೆಗೆಯುವುದಕ್ಕಿಂತ ಎಷ್ಟು, ಯಾವಾಗ, ಎಷ್ಟು ವರ್ಷಕ್ಕೊಮ್ಮೆ ತೆಗೆಯಲಾಗುತ್ತದೆ ಎಂಬುದು ಇಲ್ಲಿ ನಿರ್ಣಾಯಕ.

ಈ ಅರಿವು ಆಡಳಿತದಲ್ಲೂ ಒಮ್ಮೆ ಮೂಡಿತ್ತು. 1920ರ ದಶಕದಲ್ಲಿ ಕೆನರಾದ ಅರಣ್ಯ ಸೆಟ್ಲ್‌ಮೆಂಟನ್ನು ಮರುಪರಿಶೀಲಿಸಿದ ಕಾಲಿನ್ಸ್, ಊರಿನವರೇ ಕಾವಲು ಹಾಕಿ ಕಾಡು ಉಳಿಸಿಕೊಂಡಿದ್ದ ಕುಮಟಾ ತಾಲ್ಲೂಕಿನ ಹಳ್ಳಿಗಳನ್ನು ಮೆಚ್ಚಿಕೊಂಡ. ಹಳಕಾರ, ಮೂರೂರು-ಕಲ್ಲಬ್ಬೆ ಮತ್ತು ಚಿತ್ರಗಿಗಳಲ್ಲಿ ಗ್ರಾಮ ಅರಣ್ಯ ಪಂಚಾಯತಿಗಳು ಸರ್ಕಾರದ ಮನ್ನಣೆ ಪಡೆದು ಸೊಪ್ಪು, ಸೌದೆಗಳ ಹಂಚಿಕೆಯನ್ನು ತಾವೇ ನಡೆಸಿದವು, ಕಾವಲುಗಾರನಿಗೆ ಸಂಬಳವನ್ನೂ ತಾವೇ ಕೊಟ್ಟವು. ಕಾಡು ಕಡಿಮೆಯಿರುವ, ಜನ ಹೆಚ್ಚಿರುವ ಕರಾವಳಿಯಲ್ಲೇ ಇವು ಬೆಳೆದದ್ದು, ಅಭಾವವನ್ನು ಕಂಡವರಲ್ಲೇ ಕಟ್ಟುಪಾಡು ಗಟ್ಟಿಯಾಗುವುದನ್ನು ತೋರಿಸುತ್ತದೆ.

ಸ್ವಾತಂತ್ರ್ಯಾನಂತರದ ಮೂರು ದಶಕಗಳಲ್ಲಿ ಕೈಗಾರಿಕೆಯ ಹಸಿವು ಕಾಡನ್ನು ಬದಲಿಸಿತು. ದಾಂಡೇಲಿಯಲ್ಲಿ ಸ್ಥಾಪನೆಯಾದ ಕಾಗದ ಕಾರ್ಖಾನೆಗೆ 1958ರಲ್ಲಿ ಬಿದಿರನ್ನು ಟನ್ನಿಗೆ ಒಂದೂವರೆ ರೂಪಾಯಿಯಂತೆ ಕೊಡಲಾಯಿತು. ಬಿದಿರು ಕ್ಷೀಣಿಸಿದ ಕಾರಣವನ್ನು 1970ರ ದಶಕದಲ್ಲಿ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ್ ಮತ್ತು ಸಹೋದ್ಯೋಗಿಗಳು ಹುಡುಕಿದಾಗ ಸಿಕ್ಕ ಒಂದು ವಿವರ ಮನಸ್ಸಿನಲ್ಲಿ ನಿಲ್ಲುವಂಥದ್ದು. ಬಿದಿರು ಮೆಳೆಯ ಬುಡದಲ್ಲಿ ಮುಳ್ಳುಕೊಂಬೆಗಳ ದಟ್ಟ ಕವಚವಿರುತ್ತದೆ. ಅದನ್ನು ಸವರಿ ತೆಗೆದರೆ ಮೆಳೆ ಚೆನ್ನಾಗಿ ಬೆಳೆಯುತ್ತದೆಂಬ ನಂಬಿಕೆಯಿಂದ ಕಟಾವಿನವರು ಅದನ್ನು ತೆಗೆಯುತ್ತಿದ್ದರು. ಆದರೆ ಮುಳ್ಳು ಹೋದ ಮೆಳೆಯ ಎಳೆ ಕಳಲೆಯನ್ನು ದನ, ಹಂದಿ, ಮುಳ್ಳುಹಂದಿಗಳು ತಿಂದು ಮುಗಿಸುತ್ತಿದ್ದವು, ಹೊಸ ಬಿದಿರು ಏಳುತ್ತಿರಲಿಲ್ಲ. ಇದನ್ನು ಕಾಡಿನ ಅಂಚಿನ ಹಳ್ಳಿಗರು ಮೊದಲೇ ಬಲ್ಲವರಾಗಿದ್ದರು. ಇದೇ ಅವಧಿಯಲ್ಲಿ ನಿತ್ಯಹರಿದ್ವರ್ಣದ ಕಾಡುಗಳ ದೊಡ್ಡ ಮರಗಳು ಪ್ಲೈವುಡ್‌ಗಾಗಿ ಉರುಳಿದವು, ಮಿಶ್ರ ಕಾಡು ತೇಗದ ನೆಡುತೋಪಾಯಿತು. ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ 1983ರ ಸೆಪ್ಟೆಂಬರ್ 8ರಂದು ಕಳಾಸೆ ಕಾಡಿನಲ್ಲಿ ಮರಗಳನ್ನು ಅಪ್ಪಿಕೊಂಡು ಕಡಿತವನ್ನು ತಡೆದಾಗ, ಅವರ ಆತಂಕದ ಕೇಂದ್ರದಲ್ಲಿದ್ದದ್ದು ತೋಟದ ಹಳ್ಳ ಬತ್ತುತ್ತಿದ್ದ ಸಂಗತಿ. ಸುಮಾರು ನೂರು ವರ್ಷಗಳ ಹಿಂದೆ ವಿಂಗೇಟ್ ಬರೆದದ್ದನ್ನೇ, ಹೀಗೆ ಹುಟ್ಟಿದ ಅಪ್ಪಿಕೋ ಚಳವಳಿ ಬೇರೆ ದಾರಿಯಿಂದ ಮತ್ತೆ ಹೇಳಬೇಕಾಯಿತು. ಕಡಿದ ಕಡೆಗಳಲ್ಲಿ ಮತ್ತು ಬೇಣಗಳಲ್ಲಿ ನೆಟ್ಟ ಅಕೇಶಿಯಾ ಬೇಗನೆ ಹಸಿರು ತಂದಿತಾದರೂ, ಅದರ ಚರ್ಮದಂಥ ಎಲೆ ಬೇಗ ಕೊಳೆಯುವುದಿಲ್ಲ, ದನ ತಿನ್ನುವುದಿಲ್ಲ. ಬೇಣದ ಕರಡವೂ ಅದರ ನೆರಳಿನಲ್ಲಿ ಹೋಯಿತು.

ತೋಟದ ಒಳಗೂ ಸರಪಳಿ ಸಡಿಲವಾಯಿತು. ದನ ಕಾಯುವವರು ಸಿಗದೆ ಕೊಟ್ಟಿಗೆಗಳು ಬರಿದಾದವು, ರಸಗೊಬ್ಬರ ಬಂತು, ಬಯಲುಸೀಮೆಯಿಂದ ಲಾರಿಯಲ್ಲಿ ಗೊಬ್ಬರ ಬರತೊಡಗಿತು. ಬೆಟ್ಟದ ಎಲೆ ಸಗಣಿಯ ಸಹವಾಸವಿಲ್ಲದೆ ನೇರವಾಗಿ ಮುಚ್ಚಿಗೆಯಾಗಿ ತೋಟ ಸೇರುವುದು ಹೆಚ್ಚಿತು; ಕೂಲಿ ದುಬಾರಿಯಾದಲ್ಲಿ ಬೆಟ್ಟಕ್ಕೆ ಹೋಗುವುದೇ ನಿಂತಿತು. ಹಾಗೆ ಬಿಟ್ಟ ಬೆಟ್ಟಗಳಲ್ಲಿ ಕೆಲವು ಮರಳಿ ಕಾಡಾಗುತ್ತಿವೆ, ಕೆಲವು ರಸ್ತೆಗೆ ಸಮೀಪವಿದ್ದ ತಪ್ಪಿಗೆ ಅಡಿಕೆಯೇ ಏರಿ ತೋಟವಾಗಿವೆ.

ಇಂಥ ಪೂರ್ವಚರಿತ್ರೆಯ ನೆಲದ ಮೇಲೆ ಈಗ ಜಾಗತಿಕ ಬದಲಾವಣೆ ಬಂದಿಳಿದಿದೆ. ಕೈಗಾರಿಕಾ ಯುಗಕ್ಕೆ ಮುಂಚೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಸುಮಾರು 280 ಭಾಗವಿದ್ದ ಇಂಗಾಲದ ಡೈಆಕ್ಸೈಡ್ ಇಂದು 420ನ್ನು ದಾಟಿದೆ. ಮನುಷ್ಯ ಹೊರಸೂಸುವ ಈ ಅನಿಲದ ಸುಮಾರು ಶೇ. 30ರಷ್ಟನ್ನು ನೆಲದ ಸಸ್ಯ ಮತ್ತು ಮಣ್ಣು ವರ್ಷವೂ ಹೀರಿಕೊಳ್ಳುತ್ತಿವೆ. ಪ್ರಪಂಚದ ಮಣ್ಣಿನ ಮೇಲಿನ ಒಂದು ಮೀಟರ್ ಆಳದಲ್ಲಿರುವ ಇಂಗಾಲವೇ ವಾತಾವರಣದಲ್ಲಿರುವುದಕ್ಕಿಂತ ಹೆಚ್ಚು. ಗಾಳಿಯಲ್ಲಿ ಇಂಗಾಲ ಹೆಚ್ಚಿದರೆ ಮರ ಅಷ್ಟೇ ನೀರಿನಲ್ಲಿ ಹೆಚ್ಚು ಬೆಳೆಯಬಲ್ಲದು ಎಂಬುದು ಪ್ರಯೋಗಗಳಿಂದ ತಿಳಿದ ಸಂಗತಿ, ಆದರೆ ಆ ಬೆಳವಣಿಗೆಗೆ ರಂಜಕವೂ ಸಾರಜನಕವೂ ಬೇಕು. ಜಂಬಿಟ್ಟಿಗೆಯ ನೆಲದಲ್ಲಿ, ಅದರಲ್ಲೂ ನೂರಾರು ವರ್ಷ ಎಲೆಯ ಮೂಲಕ ತನ್ನ ರಂಜಕವನ್ನು ಕಣಿವೆಯ ತೋಟಕ್ಕೆ ಕೊಡುತ್ತ ಬಂದ ಬೆಟ್ಟದಲ್ಲಿ, ಆ ಲಾಭ ಎಲೆ ಉಳಿಸಿಕೊಂಡ ಕಾನಿನಷ್ಟು ದೊರೆಯುವುದೆಂದು ಎಣಿಸಲಾಗದು. ಒಂದೇ ಆಕಾಶ, ಒಂದೇ ಮಳೆ. ಸಂದ ಚರಿತ್ರೆ ಬೇರೆಯಾದುದರಿಂದ ಸ್ಪಂದನವೂ ಬೇರೆ.

ನೀರಿನ ವಿಷಯದಲ್ಲಿ ಈ ವ್ಯತ್ಯಾಸ ಮಾಪನಗಳಲ್ಲೇ ಕಂಡಿದೆ. ಈ ಶತಮಾನದ ಮೊದಲ ದಶಕಗಳಲ್ಲಿ ಉತ್ತರ ಕನ್ನಡದ ಕಿರು ಜಲಾನಯನಗಳಲ್ಲಿ ನಡೆದ ಅಧ್ಯಯನಗಳು, ಹಾನಿಗೊಳಗಾದ ಗುಡ್ಡಗಳಿಗಿಂತ ಸಹಜ ಕಾಡಿನ ನೆಲ ಹೆಚ್ಚು ನೀರನ್ನು ಇಂಗಿಸುತ್ತದೆಂದೂ, ಅಕೇಶಿಯಾ ತೋಪುಗಳು ಇವೆರಡರ ನಡುವೆ ನಿಲ್ಲುತ್ತವೆಂದೂ ತೋರಿಸಿವೆ. ಮಳೆ ಕೆಲವೇ ದಿನಗಳಲ್ಲಿ ಬಿರುಸಾಗಿ ಸುರಿಯುವ ಪ್ರವೃತ್ತಿ ಹೆಚ್ಚಿದಂತೆ, ಇಂಗಿಸಿಕೊಳ್ಳುವ ನೆಲ ಮತ್ತು ಹರಿಯಗೊಡುವ ನೆಲದ ಅಂತರ ಬೇಸಿಗೆಯ ಒರತೆಗಳಲ್ಲಿ ಇನ್ನಷ್ಟು ಸ್ಪಷ್ಟವಾಗುತ್ತದೆ. ತೋಟದ ರೋಗಗಳೂ ಹವೆಯನ್ನು ಹಿಂಬಾಲಿಸುತ್ತವೆ. ಅಡಿಕೆಯ ಕೊಳೆರೋಗಕ್ಕೆ ಕಾರಣವಾದ ಶಿಲೀಂಧ್ರದಂಥ ಜೀವಿಯನ್ನು ಮೈಸೂರು ಸಂಸ್ಥಾನದ ಲೆಸ್ಲಿ ಕೋಲ್ಮನ್ ಅಭ್ಯಾಸ ಮಾಡಿ 1910ರಲ್ಲಿ ವಿವರಿಸಿ, ಬೋರ್ಡೋ ದ್ರಾವಣ ಸಿಂಪಡಿಸುವ ದಾರಿ ತೋರಿಸಿದ. ಬಿಡುವಿಲ್ಲದ ಮಳೆ ಬಂದ ವರ್ಷ ಆ ದ್ರಾವಣವೂ ತೊಳೆದುಹೋಗಿ ರೋಗ ಗೆಲ್ಲುತ್ತದೆ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಮಲೆನಾಡಿನ ತೋಟಗಳಲ್ಲಿ ವ್ಯಾಪಕವಾಗಿದೆ.

ಇವೆಲ್ಲವನ್ನೂ ಅನುಮಾನಕ್ಕೆ ಬಿಡದೆ ತಿಳಿಯಬೇಕಾದರೆ ಒಂದೇ ಕಾಡನ್ನು ದಶಕಗಳ ಕಾಲ ಅಳೆಯಬೇಕು. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನ ಕೇಂದ್ರ 1984ರಲ್ಲಿ ಉತ್ತರ ಕನ್ನಡದ ನಿತ್ಯಹರಿದ್ವರ್ಣ ಮತ್ತು ಎಲೆಯುದುರುವ ಕಾಡುಗಳಲ್ಲಿ ಒಂದೊಂದು ಹೆಕ್ಟೇರಿನ ಎಂಟು ತುಂಡುಗಳನ್ನು ಗುರುತಿಸಿ, ಪ್ರತಿ ಮರದ ಸುತ್ತಳತೆಯನ್ನು ಮತ್ತೆ ಮತ್ತೆ ಅಳೆದು, ಎಷ್ಟು ಸತ್ತವು, ಎಷ್ಟು ಹೊಸದಾಗಿ ಸೇರಿದವು ಎಂದು ದಾಖಲಿಸುವ ಕೆಲಸ ಆರಂಭಿಸಿತು. ಕುಮಟಾ, ಶಿರಸಿ, ಸಿದ್ದಾಪುರದ ಆ ಬಗೆಯ ಕ್ಷೇತ್ರಕಾರ್ಯದಿಂದಲೇ ಕತ್ತಲೆಕಾನಿನಂಥ ಕಾಡುಗಳ ಮಹತ್ವವೂ ಬೆಳಕಿಗೆ ಬಂತು. ಸಿದ್ದಾಪುರ ತಾಲ್ಲೂಕಿನ ಈ ಕಾನಿನ ತಗ್ಗುಗಳಲ್ಲಿ, ವರ್ಷವಿಡೀ ನೀರು ಜಿನುಗುವ ರಾಮಪತ್ರೆ ಜಡ್ಡಿಗಳಿವೆ. ಉಸಿರಾಡಲು ಕೆಸರಿನಿಂದ ಮೇಲೆದ್ದು ಮಂಡಿಯಂತೆ ಬಾಗಿದ ಬೇರುಗಳ ಮರಗಳು ಅಲ್ಲಿ ಬೆಳೆಯುತ್ತವೆ. ಕರಿಗೇರಿನ ಕುಲಕ್ಕೆ ಸೇರಿದ, ಅಲ್ಲಿಯವರೆಗೆ ವಿಜ್ಞಾನಕ್ಕೆ ಗೊತ್ತೇ ಇರದಿದ್ದ ಮರವೊಂದನ್ನು ದಾಸಪ್ಪ ಮತ್ತು ಸ್ವಾಮಿನಾಥ್ ಅಲ್ಲಿಂದ ಗುರುತಿಸಿ 2000ದಲ್ಲಿ ಕತ್ತಲೆಕಾನಿನ ಹೆಸರನ್ನೇ ಅದಕ್ಕಿಟ್ಟರು. ಒಣಗಾಲ ಒಂದೆರಡು ವಾರ ಹಿಗ್ಗಿದರೂ ಈ ಜಡ್ಡಿಗಳ ಬೀಜಗಳಿಗೆ ಅದು ಜೀವನ್ಮರಣದ ಪ್ರಶ್ನೆ, ಮತ್ತು ಆ ಜಡ್ಡಿಗೆ ನೀರು ಬರುವುದು ಮೇಲಿನ ಗುಡ್ಡದ ಇಳಿಜಾರಿನಿಂದ. ಆ ಇಳಿಜಾರು ಎಷ್ಟೋ ಕಡೆ ಯಾವುದೋ ತೋಟದ ಸೊಪ್ಪಿನ ಬೆಟ್ಟವಾಗಿದೆ; 1963ರ ಕರ್ನಾಟಕ ಅರಣ್ಯ ಕಾಯ್ದೆ ಮತ್ತು 1969ರ ನಿಯಮಗಳಡಿ ಅಲ್ಲಿ ಸೊಪ್ಪು, ದರಕು ತೆಗೆಯುವ ಸವಲತ್ತು ಇಂದಿಗೂ ಮುಂದುವರಿದಿದೆ, ಮರ ನೆಟ್ಟು ಬೆಳೆಸಿದವನಿಗೆ ಅದರ ಮೇಲೆ ಯಾವ ಹಕ್ಕಿರಬೇಕೆಂಬ ವ್ಯಾಜ್ಯವೂ ಮುಂದುವರಿದಿದೆ.